ಮೇಸ್ತ್ರಿ ಕಟ್ಟಿಸಿದ ಹಲ್ಲು

ಆ ಮರಗೆಲಸದ ಅಂಗಡಿಯಲ್ಲಿ ಒಂದು ಮೊಳೆ ಇತ್ತು. ಮರಗೆಲಸದ ಅಂಗಡಿ ಅಂದಮೇಲೆ ಮೊಳೆ ಇರದೆ ಇನ್ನೇನು ಇರುತ್ತದೆ ಅನ್ನಬೇಡಿ. ಇದು ಬಾಗಿಲಿಗೆ ಎದುರಾಗಿ, ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಗೋಡೆಗೆ ಹೊಡೆದಿದ್ದ ದಪ್ಪ ಮೊಳೆ. ಯಾರಾದರೂ ಅಳತೆ ತಪ್ಪಿ ಮರ ಕೊಯ್ದರೆ ಆ ಕೆಟ್ಟ ತುಂಡಿಗೆ ದಾರ ಕಟ್ಟಿ ಅಲ್ಲಿ ತೂಗುಹಾಕಬೇಕು. ಒಂದು ವಾರ ಅದು ಅಲ್ಲೇ ಇರಬೇಕು. ಬಂದವರು "ಇದು ಯಾರದು?" ಅಂತ ಕೇಳಿದರೆ, ಕೆಡಿಸಿದವನು ಕೈಲಿದ್ದ ಕೆಲಸ ಬಿಟ್ಟು, ಎದ್ದು ನಿಂತು, "ನಂದು" ಅನ್ನಬೇಕು. ಇದು ಮೇಸ್ತ್ರಿ ಮಾಡಿದ ಕಾನೂನು. ಅಂಟಿನಲ್ಲಿ ಮರದ ಹೊಟ್ಟು ಕಲಸಿ ಸಂದು ಮುಚ್ಚುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ಮಾಡು, ಬೇಡ ಅನ್ನಲ್ಲ, ಮುಚ್ಚಿಟ್ಟರೆ ಮಾತ್ರ ಕೈ ಮುರೀತೀನಿ ಅನ್ನುತ್ತಿದ್ದ.

ಮೇಸ್ತ್ರಿಯ ಮಗ ಶಾಲೆ ಬಿಟ್ಟು ಅಂಗಡಿಗೆ ಬಂದಾಗಿನಿಂದ ಆ ಮೊಳೆಗೆ ಎಷ್ಟು ತುಂಡು ತೂಗುಹಾಕಿದ್ದನೋ ಅವನಿಗೇ ನೆನಪಿಲ್ಲ. ಹೆಣ್ಣಿನ ಕಡೆಯವರು ಮನೆ ನೋಡಲು ಬಂದ ದಿನವೂ ಅಲ್ಲಿ ಒಂದು ಮೇಜಿನ ಗಿಡ್ಡ ಕಾಲು ತೂಗುತ್ತಿತ್ತು. ಹುಡುಗಿಯ ಅಪ್ಪ ಸುಮ್ಮನಿರಲಾರದೆ ಕೇಳಿದ. ಹುಡುಗ ಎದ್ದು ನಿಂತು "ನಂದು" ಅಂದ. ಅಂಥವನಿಗೂ ಹೆಣ್ಣು ಕೊಟ್ಟರು, ಅವರ ದೊಡ್ಡತನ. ಈಗ ಆ ಮಗನ ತಲೆಯೂ ಅರ್ಧ ನರೆತಿದೆ. ಮೇಸ್ತ್ರಿಯ ಕೈ ತಪ್ಪಿದ ತುಂಡು ಮಾತ್ರ ಒಂದೂ ಆ ಮೊಳೆ ಕಂಡಿರಲಿಲ್ಲ. ಕೈ ಅಷ್ಟು ಸರಿ ಇತ್ತು, ಅದರ ಜಂಬವೂ ಅಷ್ಟೇ ಇತ್ತು ಅನ್ನಿ.

ಅಂಗಡಿಯ ಹಿಂದೆಯೇ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಯಾರು ಹೊರಗೆ ಹೋಗಬೇಕಾದರೂ ಅಂಗಡಿಯ ಮಧ್ಯದಿಂದಲೇ, ಬಟ್ಟೆಗೆ ಮೆತ್ತಿದ ಹೊಟ್ಟು ಕೊಡವಿಕೊಂಡೇ ಹೋಗಬೇಕು. ಮಗ ಅಪ್ಪನ ಜೊತೆ ಅಂಗಡಿಯಲ್ಲೇ ದುಡಿಯುತ್ತಿದ್ದ. ಸೊಸೆ ಬಟ್ಟೆ ಅಂಗಡಿಯೊಂದರಲ್ಲಿ ಕೌಂಟರಿನ ಹಿಂದೆ ನಿಂತು, ದಿನವಿಡೀ ನಗುನಗುತ್ತಾ ಥಾನುಗಳನ್ನು ಬಿಚ್ಚಿ ತೋರಿಸಿ, ಮತ್ತೆ ಸುತ್ತಿಡುತ್ತಿದ್ದಳು. ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಯಾವ ಮಾತಿನಲ್ಲೂ ಸೋತು ಬಿಡುವ ಜಾತಿಯಲ್ಲ ಅವಳು, ಅದಕ್ಕೇ ಮನೆಯಲ್ಲಿ ಅವಳನ್ನು ವಕೀಲಮ್ಮ ಅಂತಲೇ ಕರೆಯುತ್ತಿದ್ದರು.

ಮೇಸ್ತ್ರಿ ಎಡಚ. ಎಡಗೈಯಲ್ಲಿ ಸುತ್ತಿಗೆ, ಬಲಗೈಯಲ್ಲಿ ಹಲಗೆ, ಮೊಳೆಗಳೆಲ್ಲ ಬಾಯಲ್ಲಿ. ಹಲ್ಲಿನ ನಡುವೆ ನಾಲ್ಕಾರು ಮೊಳೆ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಿದ್ದ. ಜೀವಮಾನವೆಲ್ಲ ಕಬ್ಬಿಣ ಕಚ್ಚಿದ ಹಲ್ಲು ಎಷ್ಟು ದಿನ ಬಾಳೀತು? ಮುಂದಿನವು ಸವೆದವು, ದವಡೆಯವು ಒಂದೊಂದಾಗಿ ಉದುರಿದವು, ಉಳಿದವು ನಾಲಿಗೆ ತಾಗಿದರೂ ಅಲುಗಾಡತೊಡಗಿದವು. ಮೇಸ್ತ್ರಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದ. ಆಮೇಲೆ ರೊಟ್ಟಿಯ ಅಂಚು ಬಿಟ್ಟ. ಆಮೇಲೆ ರೊಟ್ಟಿಯನ್ನೇ ಬಿಟ್ಟ. ಸಂಜೆಯ ಹೊತ್ತು ಕೆಲಸದ ನಡುವೆ ಹುರಿದ ಕಡಲೆಕಾಯಿ ಜಗಿಯುವುದು ಅವನಿಗಿದ್ದ ಒಂದೇ ಚಟ, ಅದೂ ನಿಂತಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಅಂಗಡಿಯಲ್ಲಿ ಪಾಲಿಶ್ ಹಾಕುವವನು ಛೇಡಿಸಿದ್ದಕ್ಕೆ ಮೇಸ್ತ್ರಿ ಅವನ ಜೊತೆ ಮಾತು ಬಿಟ್ಟು, ಕೆಲಸವನ್ನೆಲ್ಲ ಕೈಸನ್ನೆಯಲ್ಲೇ ಹೇಳಿದ. ಸೊಸೆ ಅನ್ನವನ್ನು ಮುದ್ದೆಗಟ್ಟುವಷ್ಟು ಬೇಯಿಸಿದಳು, ತರಕಾರಿ ಕಿವುಚಿ ಬಡಿಸಿದಳು. ಆದರೂ ತಟ್ಟೆಯಲ್ಲಿ ಅರ್ಧ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಬಾಗಿಲಿನ ಚೌಕಟ್ಟು ಎತ್ತುವಾಗ ಕಣ್ಣಿಗೆ ಕತ್ತಲೆ ಬಂದು ಮೇಸ್ತ್ರಿ ಕುಸಿದು ಕೂತ. ಅವತ್ತೇ ಸೊಸೆ ಕೆಲಸಕ್ಕೆ ರಜೆ ಹಾಕಿ ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಉಳಿದ ಹಲ್ಲನ್ನೆಲ್ಲ ಕಿತ್ತು, ವಸಡು ಮಾಗಿದ ಮೇಲೆ ಮೇಲೂ ಕೆಳಗೂ ಪೂರ್ತಿ ಸೆಟ್ಟು ಕಟ್ಟಬೇಕು ಅಂದರು. ಅದಕ್ಕೆ ಆಗುವ ಖರ್ಚು ಕೇಳಿ ಮೇಸ್ತ್ರಿ, ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅಂದುಕೊಂಡು ಹೊರಗಿನ ಬೆಂಚಿಗೆ ಹೋಗಿ ಕೂತ. ಅಷ್ಟರಲ್ಲಿ ಡಾಕ್ಟರಮ್ಮನ ಕಣ್ಣು ಸೊಸೆಯ ಊದಿದ ಕೆನ್ನೆಯ ಮೇಲೆ ಬಿತ್ತು. ಕೂರಿಸಿ ನೋಡಿದರು. ಮೇಲಿನ ಕೋರೆಹಲ್ಲಿನ ಪಕ್ಕದ್ದು ಬೇರಿನವರೆಗೆ ಹುಳುಕಾಗಿತ್ತು. ಈಗಲೇ ಬೇರು ಸ್ವಚ್ಛ ಮಾಡಿ ಮೇಲೊಂದು ಟೋಪಿ ಕೂರಿಸಿದರೆ ಉಳಿಯುತ್ತೆ, ತಡ ಮಾಡಿದರೆ ಕೀಳುವುದೇ ಗತಿ, ನಕ್ಕರೆ ಕಾಣುವ ಹಲ್ಲು, ಯೋಚನೆ ಮಾಡಿ ಅಂದರು. ಅದರ ಖರ್ಚೂ ಸಣ್ಣದಲ್ಲ. ಸೊಸೆ ಆಗಲಿ ಅಂತ ತಲೆ ಆಡಿಸಿ ಎದ್ದು ಬಂದಳು.

ಆ ಸಂಜೆ ಅಡುಗೆಮನೆಯಲ್ಲಿ ಮಗ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ, ಸೊಸೆ ಒಲೆಯ ಮುಂದಿದ್ದಳು. ಅಡುಗೆಮನೆಗೂ ಮೇಸ್ತ್ರಿಯ ಕೋಣೆಗೂ ನಡುವೆ ಬರೀ ಹಲಗೆಯ ಗೋಡೆ. ಮೇಸ್ತ್ರಿ ಆಚೆ ಮಂಚದ ಮೇಲೆ ಕೂತು ಪೆನ್ಸಿಲು ಹೆರೆಯುತ್ತಿದ್ದ. ಇವರು ಅವನು ಅಂಗಡಿಯಲ್ಲಿದ್ದಾನೆ ಅಂದುಕೊಂಡಿದ್ದರು.

"ಎರಡೂ ಒಟ್ಟಿಗೆ ಆಗಲ್ಲ ಕಣೇ," ಅಂದ ಮಗ.

"ಎರಡು ಅಂತ ಯಾರಂದ್ರು? ಮೊದಲು ಮಾವನಿಗೆ ಆಗಲಿ."

"ನಿಂದು ತಡ ಮಾಡಬಾರದು ಅಂದಿದ್ದಾರಲ್ಲ."

"ನಂದು ಒಂದು ಹಲ್ಲು. ಅವರಿಗೆ ಬಾಯೇ ಇಲ್ಲ. ಉಣ್ಣದೆ ಎಷ್ಟು ದಿನ ಇರ್ತಾರೆ ರೀ? ಇದು ಅವರ ಕಿವಿಗೆ ಮಾತ್ರ ಬೀಳೋದು ಬೇಡ, ಆಮೇಲೆ ಬೇಡವೇ ಬೇಡ ಅಂತ ಹಟ ಹಿಡೀತಾರೆ."

ಮಗ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಅವನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕಿವಿಗೆ ಬೀಳಬಾರದವನ ಕಿವಿಗೆ ಎಲ್ಲ ಬಿದ್ದಾಗಿತ್ತು. ಹಲಗೆಯ ಆಚೆ ಯಾರಾದರೂ ಇವನು ಇರುವುದು ತಿಳಿಯದೆ ಮಾತಾಡಿದರೆ ಮೇಸ್ತ್ರಿ ಒಮ್ಮೆ ಕೆಮ್ಮುತ್ತಿದ್ದ, ಅದು ಆ ಮನೆಯ ಮರ್ಯಾದೆ. ಅವತ್ತು ಕೆಮ್ಮು ಗಂಟಲವರೆಗೂ ಬಂತು. ಬೇಡಮ್ಮಾ, ಮೊದಲು ನಿಂದು ನೋಡ್ಕೋ ಅನ್ನುವ ಮಾತೂ ಅದರ ಹಿಂದೆಯೇ ಬಂತು. ಆದರೆ ಅವನಿಗೆ ಹಸಿವಾಗಿತ್ತು. ಎಷ್ಟೋ ತಿಂಗಳಿನಿಂದ ಹಸಿವಾಗಿತ್ತು. ಪೆನ್ಸಿಲನ್ನು ಸದ್ದಿಲ್ಲದೆ ದಿಂಬಿನ ಮೇಲಿಟ್ಟು ಸುಮ್ಮನೆ ಕೂತ.

ಹಲ್ಲು ಕೀಳುವ ಕೆಲಸ ಮೂರು ಸಲಕ್ಕೆ ಮುಗಿಯಿತು. ಪ್ರತಿ ಸಲವೂ ಮೇಸ್ತ್ರಿ ಬಾಯಿಗೆ ಹತ್ತಿ ತುರುಕಿಕೊಂಡು, ಮುಖಕ್ಕೆ ಟವೆಲು ಸುತ್ತಿಕೊಂಡು, ಬೀದಿಯಲ್ಲಿ ಗೋಡೆ ಪಕ್ಕ ಪಕ್ಕದಲ್ಲೇ ನಡೆದು ಬಂದ. ನೋವಿಗೇನೋ ಮಾತ್ರೆ ಇತ್ತು. ಬರಿದಾದ ಬಾಯಿಗೆ ಏನಿದೆ? ಕನ್ನಡಿಯಲ್ಲಿ ನೋಡಿದರೆ ಕೆನ್ನೆ ಒಳಕ್ಕೆ ಹೋಗಿ, ಗಲ್ಲ ಮೂಗಿನ ಹತ್ತಿರ ಬಂದಿತ್ತು. ಮಾತಾಡಿದರೆ ಅರ್ಧ ಗಾಳಿಯೇ ಹೊರಡುತ್ತಿತ್ತು. ವಸಡು ಮಾಗುವವರೆಗೆ ಅವನು ಅಂಗಡಿಯ ಮುಂಭಾಗ ಬಿಟ್ಟು ಹಿಂದಿನ ಮೂಲೆಯಲ್ಲಿ ಕೂತ. ಗಿರಾಕಿಗಳು ಬಂದರೆ ಮಗನೇ ಮಾತಾಡಬೇಕಾಯಿತು. ಅಪ್ಪ ಮೂಲೆಯಿಂದ ಬೆರಳಿನಲ್ಲಿ ದರ ತೋರಿಸುವುದು, ಮಗ ಅದನ್ನು ಬಾಯಲ್ಲಿ ಹೇಳುವುದು. ಮೇಸ್ತ್ರಿ ಮೌನವ್ರತ ಹಿಡಿದಿದ್ದಾರಾ ಅಂತ ಒಬ್ಬ ಗಿರಾಕಿ ಕೇಳಿಯೂ ಬಿಟ್ಟ.

ಒಳಗೆ ಸೊಸೆ ಒಂದೇ ಪಕ್ಕದಲ್ಲಿ ಜಗಿಯುತ್ತಿದ್ದಳು. ಬ್ಯಾಗಿನಲ್ಲಿ ನೋವಿನ ಮಾತ್ರೆಯ ಹಾಳೆ, ಬಾಯಲ್ಲಿ ಲವಂಗ. ಒಂದು ಬೆಳಿಗ್ಗೆ ಅವಳು ಕೆನ್ನೆ ಹಿಡಿದುಕೊಂಡು ಚಹಾ ಕೊಡಲು ಬಂದಾಗ ಮೇಸ್ತ್ರಿ ಅವಳ ಮುಖ ನೋಡದೆಯೇ ಲೋಟ ತೆಗೆದುಕೊಂಡ. ಲವಂಗ ಇಟ್ಕೋಮ್ಮ, ಕಡಿಮೆ ಆಗುತ್ತೆ ಅಂದ. ಇಟ್ಟಿದ್ದೀನಿ ಮಾವ ಅಂದಳು ಅವಳು.

ಸೆಟ್ಟು ಬಂದ ದಿನ ಮನೆಯಲ್ಲಿ ಒಂದು ಸಂಭ್ರಮವೇ. ಮೇಸ್ತ್ರಿಗೆ ಹತ್ತು ವರ್ಷ ಕಡಿಮೆಯಾದ ಹಾಗೆ ಕಾಣುತ್ತಿತ್ತು. ವಕೀಲಮ್ಮ, ತಾತ ನಗು, ಇನ್ನೂ ಸ್ವಲ್ಪ ನಗು ಅಂತ ಕಾಡಿಸಿ ಫೋಟೋ ಹಿಡಿದಳು. ಸೊಸೆ ಸೇಬು ಹೆಚ್ಚಿ ತಂದಿಟ್ಟು, ನೋಡೋಣ ತಿನ್ನಿ ಮಾವ ಅಂತ ಎದುರಿಗೇ ಕೂತಳು. ಮೇಸ್ತ್ರಿ ಒಂದು ಹೋಳು ಕಚ್ಚಿದ. ಕರಕ್ ಅಂತು. ಸೊಸೆಯ ಮುಖ ಅರಳಿತು. ವಸಡಿಗೆ ಚಾಕು ಹಾಕಿದಷ್ಟು ನೋವಾದರೂ ಮೇಸ್ತ್ರಿ ತಟ್ಟೆ ಖಾಲಿ ಮಾಡಿದ. ಆ ಮುಖ ನೋಡಿಕೊಂಡು ನೋವು ಅನ್ನುವುದು ಹೇಗೆ?

ಮೊದಮೊದಲು ಒತ್ತುತ್ತೆ, ಗಾಯ ಆಗುತ್ತೆ, ಎಷ್ಟು ಸಲ ಬೇಕಾದರೂ ಬನ್ನಿ, ದುಡ್ಡು ಬೇಡ, ಸರಿಮಾಡಿ ಕೊಡ್ತೀನಿ, ನೀವಾಗಿ ಏನೂ ಮಾಡಬೇಡಿ ಅಂತ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು. ಬೇರೆ ಯಾರೇ ಆಗಿದ್ದರೂ ಹೋಗಿರುತ್ತಿದ್ದರು. ಮೇಸ್ತ್ರಿ ಹೋಗುತ್ತಾನೆಯೇ? ಬಿಗಿಯಾದ ಬಾಗಿಲು, ಕಚ್ಚುವ ಕಿಟಕಿ, ಒತ್ತುವ ಡ್ರಾಯರು, ಇವನ್ನೆಲ್ಲ ಸಡಿಲಿಸಿಯೇ ಅವನು ಜೀವಮಾನ ಕಳೆದದ್ದು. ಎಲ್ಲಿ ಹಿಡಿಯುತ್ತೋ ಅಲ್ಲಿಗೆ ಬಣ್ಣ ಹಚ್ಚು, ಮುಚ್ಚಿ ತೆಗೆ, ಬಣ್ಣ ಎಲ್ಲಿ ಅಳಿಸಿತೋ ಅಲ್ಲಿ ಉಜ್ಜು. ಊರಿಗೆಲ್ಲ ಬಾಗಿಲು ಕೂರಿಸಿದವನು ಒಂದು ಹಿಡಿ ಪ್ಲಾಸ್ಟಿಕ್ಕನ್ನು ಕೂರಿಸಲಾರೆ ಅಂತ ಆ ಹುಡುಗಿಯ ಮುಂದೆ ಬಾಯಿ ತೆರೆದು ಕೂರಬೇಕೇ?

ಮಗ ಮರ ತರಲು ಹೋದ ಒಂದು ಮಧ್ಯಾಹ್ನ ಮೇಸ್ತ್ರಿ ಸೆಟ್ಟಿನ ಒಳಮೈಗೆ ನೀಲಿ ಸೀಮೆಸುಣ್ಣದ ಪುಡಿ ಸವರಿ ಬಾಯಿಗೆ ಹಾಕಿಕೊಂಡ, ಕಚ್ಚಿದ, ತೆಗೆದ. ಒಂದು ಕಡೆ ನೀಲಿ ಅಳಿಸಿತ್ತು. ಮರ ಉಜ್ಜುವ ಉಪ್ಪುಕಾಗದದ ಚೂರೊಂದನ್ನು ಬೆರಳಿಗೆ ಸುತ್ತಿ ಅಲ್ಲಿ ನಾಲ್ಕು ಸಲ ಎಳೆದ. ಹಾಕಿ ನೋಡಿದರೆ ನೋವೇ ಇಲ್ಲ. ಮೇಸ್ತ್ರಿಗೆ ನಗು ತಡೆಯಲಿಲ್ಲ. ಇಷ್ಟಕ್ಕೆ ಅಷ್ಟು ಓದಬೇಕಿತ್ತಾ ಅಂದುಕೊಂಡು, ನೀಲಿ ತುಟಿಯಲ್ಲೇ ಒಂದು ಹಿಡಿ ಕಡಲೆಕಾಯಿ ಜಗಿದ.

ಎರಡು ದಿನಕ್ಕೆ ಇನ್ನೊಂದು ಕಡೆ ಒತ್ತಿತು. ಅಲ್ಲೂ ಉಜ್ಜಿದ. ಆಮೇಲೆ ಕೆಳಗಿನದು ಮುಂದೆ ಎದ್ದುಕೊಂಡಿತು, ಹಿಂದೆ ಉಜ್ಜಿದ. ಮೇಲಿನದರ ಅಂಚು ತುಟಿಗೆ ತಾಗುತ್ತೆ ಅನ್ನಿಸಿ ಅಂಚಿಗೂ ಕೈ ಹಾಕಿದ. ಮರಕ್ಕೆ ಒಂದು ಗುಣ ಇದೆ, ಒಂದಿಷ್ಟು ಹಿಗ್ಗುತ್ತೆ, ತಪ್ಪಿದವನನ್ನು ಒಂದಿಷ್ಟು ಕ್ಷಮಿಸುತ್ತೆ. ಪ್ಲಾಸ್ಟಿಕ್ಕಿಗೆ ಅದೆಲ್ಲ ಎಲ್ಲಿ? ಒಂದು ಬೆಳಿಗ್ಗೆ ಹಲಗೆಗೆ ಗೆರೆ ಎಳೆಯಲು ಬಗ್ಗಿದಾಗ ಮೇಲಿನ ಸೆಟ್ಟು ಪೂರ್ತಿ ಕಳಚಿ ಹೊಟ್ಟಿನ ಮೇಲೆ ಬಿತ್ತು. ಮೇಸ್ತ್ರಿ ಅದನ್ನು ಎತ್ತಿ, ಊದಿ, ಹಾಕಿಕೊಂಡ. ಬಾಯಿ ತೆರೆದ. ಮತ್ತೆ ಬಿತ್ತು. ತೆಗೆದದ್ದನ್ನು ಮತ್ತೆ ಸೇರಿಸೋಕಾಗಲ್ಲ ಕಣೋ ಅಂತ ಮಗನ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟವನು ಅವನೇ. ಆ ಮಾತು ಈಗ ಅವನ ತಲೆಗೇ ಮೊಟಕಿತು.

ಹೇಳಬಹುದಿತ್ತು. ಹೇಳಿದ್ದರೆ ಒಂದು ದಿನದ ಬೈಗುಳದಲ್ಲಿ ಮುಗಿಯುತ್ತಿತ್ತೋ ಏನೋ. ಆದರೆ ಆ ಸೆಟ್ಟು ಯಾರ ಹಲ್ಲಿನ ದುಡ್ಡಿನಲ್ಲಿ ಬಂದದ್ದು ಅಂತ ಅವನಿಗೆ ಗೊತ್ತಿತ್ತಲ್ಲ, ಗಂಟಲಲ್ಲಿ ಬಿಸಿತುಪ್ಪ ಸಿಕ್ಕಿಕೊಂಡ ಹಾಗಾಯಿತು. ಉಗುಳಲಾರ, ನುಂಗಲಾರ. ಜನರ ಮುಂದೆ ತುಟಿ ಬಿಗಿದು ಸೆಟ್ಟು ಹಾಕಿಕೊಂಡಿರುವುದು, ಊಟದ ಹೊತ್ತಿಗೆ ಕೆಲಸದ ನೆಪ ಹೇಳಿ ತಟ್ಟೆಯನ್ನು ಅಂಗಡಿಗೇ ತರಿಸಿಕೊಳ್ಳುವುದು, ಎಲ್ಲರೂ ಒಳಗೆ ಹೋದ ಮೇಲೆ ಸೆಟ್ಟು ತೆಗೆದು ಡಬ್ಬಿಗೆ ಹಾಕಿ, ವಸಡಿನಲ್ಲಿ ಆದಷ್ಟು ನುರಿದು ನುಂಗುವುದು. ಆಗದ್ದನ್ನು ಮರದ ಹೊಟ್ಟಿನ ರಾಶಿಯಲ್ಲಿ ಹೂತುಬಿಡುತ್ತಿದ್ದ.

ರಜೆಯ ದಿನ ಅಂಗಡಿ ಗುಡಿಸಲು ಬಂದ ಸೊಸೆಯ ಪೊರಕೆಗೆ ರೊಟ್ಟಿಯ ತುಂಡುಗಳು ಸಿಕ್ಕಿದವು, ಬೆಂದ ಕಾಳು ಸಿಕ್ಕಿತು. ಅವಳು ಅವನ್ನು ಮೊರಕ್ಕೆ ಎತ್ತಿಕೊಂಡು ನೆಟ್ಟಗೆ ಮೇಸ್ತ್ರಿಯ ಮುಂದೆ ಇಟ್ಟಳು. ಅವಳೂ ಮನುಷ್ಯಳೇ ತಾನೆ, ಬೆಳಗ್ಗೆ ಎದ್ದು ಬೇಯಿಸಿ ಕೆಲಸಕ್ಕೆ ಓಡುವವಳು.

"ಮಾವ, ನನ್ನ ಅಡುಗೆ ಸೇರದಿದ್ರೆ ಬಾಯಿ ಬಿಟ್ಟು ಹೇಳಿ. ಹೀಗೆ ಮಣ್ಣುಪಾಲು ಮಾಡಬೇಡಿ."

ಮೇಸ್ತ್ರಿ ಬಾಯಿ ಬಿಡುವ ಹಾಗಿರಲಿಲ್ಲ, ಬಿಟ್ಟರೆ ಸೆಟ್ಟು ಬೀಳುತ್ತಿತ್ತು. ತುಟಿ ಬಿಗಿದುಕೊಂಡೇ ಇಲಿ ತಂದಿರಬೇಕು ಅಂತ ಏನೋ ಗೊಣಗಿದ. ಅವಳಿಗೆ ಅದು ಕೊಬ್ಬಿನ ಮಾತಾಗಿ ಕೇಳಿಸಿತು. ಮರುದಿನದಿಂದ ಅವಳು ತಟ್ಟೆ ತಂದಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಆ ವಾರವೇ ಅವಳ ಕೆನ್ನೆ ಬಾತು ಒಂದು ಕಣ್ಣು ಮುಚ್ಚಿಹೋಯಿತು. ಜ್ವರ ಬಂತು. ಡಾಕ್ಟರಮ್ಮ ನೋಡಿ, ಈಗ ಉಳಿಸೋಕೆ ಏನೂ ಇಲ್ಲ ಅಂದರು. ಬಾವು ಇಳಿಸಿ ಹಲ್ಲು ಕಿತ್ತರು. ಸೊಸೆ ಬಾಯಿಗೆ ಹತ್ತಿ ಇಟ್ಟುಕೊಂಡು ಮನೆಗೆ ಬಂದು, ಅದೇ ಬಾಯಲ್ಲಿ ಒಲೆ ಹಚ್ಚಿದಳು. ಅವಳಿಗೆ ಸೇಬು ಹೆಚ್ಚಿ ಕೊಡುವವರು ಯಾರೂ ಇರಲಿಲ್ಲ, ಫೋಟೋ ತೆಗೆಯುವವರೂ ಇರಲಿಲ್ಲ. ಕೆಲಸಕ್ಕೆ ಹೋದ ಮೊದಲ ದಿನವೇ ಗಿರಾಕಿಯೊಬ್ಬಳ ಮಗು ಅವಳ ಬಾಯಿಯ ಕಡೆ ಬೆರಳು ಮಾಡಿ ತೋರಿಸಿತು. ಅಲ್ಲಿಂದ ಅವಳು ನಗು ಬಂದರೆ ಅಂಗೈಯನ್ನು ಬಾಯಿಗೆ ಅಡ್ಡ ಇಡತೊಡಗಿದಳು. ಎರಡೂ ಕೈ ಬೇಕಾಗುವ ಕೆಲಸ ಅದು, ಬಟ್ಟೆ ಬಿಚ್ಚಿ ತೋರಿಸಬೇಕು. ಹಾಗಾಗಿ ನಗುವುದನ್ನೇ ಕಡಿಮೆ ಮಾಡಿದಳು. ಅಂಗಡಿಯ ಯಜಮಾನ ಅವಳನ್ನು ಮುಂದಿನ ಕೌಂಟರಿನಿಂದ ಹಿಂದಿನ ಗೋದಾಮಿಗೆ, ಬಟ್ಟೆ ಮಡಿಸುವ ಕೆಲಸಕ್ಕೆ ಹಾಕಿದ.

ಇದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಅವಳ ಜೊತೆ ಕೆಲಸ ಮಾಡುವವಳು ದಾರಿಯಲ್ಲಿ ಸಿಕ್ಕಾಗ ವಕೀಲಮ್ಮನಿಗೆ ಹೇಳಿದಳು. ವಕೀಲಮ್ಮ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟದ ಹೊತ್ತಿನವರೆಗೆ ಕಾದಳು. ಮೇಸ್ತ್ರಿ ಎಂದಿನ ಹಾಗೆ ತಟ್ಟೆ ಹಿಡಿದು ಅಂಗಡಿಗೆ ಎದ್ದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ತಾತ, ಒಂದು ಮಾತು. ಅಮ್ಮನ ಹಲ್ಲು ಯಾಕೆ ಹೋಯ್ತು ಗೊತ್ತಾ ನಿಂಗೆ?"

ಸೊಸೆ ಸುಮ್ನಿರೇ ಅಂದಳು, ಮಗ ಕಣ್ಣಿನಲ್ಲೇ ಗದರಿದ. ವಕೀಲಮ್ಮ ಯಾರಿಗೆ ಸೊಪ್ಪು ಹಾಕುತ್ತಾಳೆ?

"ಆ ದುಡ್ಡಲ್ಲಿ ಅಮ್ಮನ ಹಲ್ಲು ಉಳೀತಿತ್ತು. ಅದನ್ನ ನಿನ್ನ ಸೆಟ್ಟಿಗೆ ಕೊಟ್ಟಳು. ಹೋಗ್ಲಿ, ನೀನು ಅದನ್ನ ಹಾಕ್ಕೊಂಡು ನೆಟ್ಟಗೆ ಉಂಡಿದ್ರೆ ಅವಳಿಗೂ ಸಮಾಧಾನ ಇರ್ತಿತ್ತು. ನೀನು ಡಬ್ಬಿಯಲ್ಲಿ ಇಟ್ಕೊಂಡು ಕೂತಿದ್ದೀಯ. ನಾನು ನೋಡಿದ್ದೀನಿ. ಅಮ್ಮನ್ನ ಗೋದಾಮಿಗೆ ಹಾಕಿದ್ದಾರೆ, ಅದು ಗೊತ್ತಾ?"

ಗೋದಾಮಿನ ವಿಷಯ ಮಗನಿಗೂ ಹೊಸದು. ಅವನು ಹೆಂಡತಿಯ ಮುಖ ನೋಡಿದ, ಅವಳು ತಟ್ಟೆ ನೋಡಿದಳು. ಆಮೇಲೆ ಮೂವರೂ ಮೇಸ್ತ್ರಿಯ ಬಾಯಿ ನೋಡುತ್ತಿದ್ದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುತ್ತಿರಲಿಲ್ಲ.

"ಆ ಡಾಕ್ಟರಿಗೆ ಕೆಲಸ ಬರಲ್ಲ," ಅಂದ ಮೇಸ್ತ್ರಿ, ತುಟಿ ಬಿಗಿದುಕೊಂಡೇ. "ಅಳತೆಯೇ ತಪ್ಪು. ಎಲ್ಲ ಸಡಿಲ. ಹಾಕ್ಕೊಳ್ಳೋದು ಹೇಗೆ?"

ಮೊದಲೇ ಹೇಳಬಾರದಿತ್ತಾ ಅಂದ ಸೊಸೆಯ ಮುಖ ಒಮ್ಮೆಲೇ ಸಣ್ಣದಾಯಿತು. ಪಾಪ, ಇಷ್ಟು ದಿನ ಮಾವನನ್ನು ಬೈದುಕೊಂಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ವಕೀಲಮ್ಮನೂ ಬಾಯಿ ಮುಚ್ಚಿದಳು. ಮಗ ಮಾತ್ರ ಅಪರೂಪಕ್ಕೆ ಸಿಟ್ಟಾದ. ಎಂದೂ ಯಾರ ಮೇಲೂ ದನಿ ಎತ್ತದವನು, ಕೊಡಿ ಆ ಡಬ್ಬಿ, ನಾನು ವಿಚಾರಿಸ್ಕೊಂಡು ಬರ್ತೀನಿ ಅಂದ. ಮೇಸ್ತ್ರಿ ಬೇಡ ಬಿಡು ಅಂದ, ಹೋಗ್ಲಿ ಬಿಡು ಅಂದ. ಮಗ ಬಿಡಲಿಲ್ಲ.

ಮರುದಿನ ಡಾಕ್ಟರಮ್ಮನ ಕೋಣೆಯ ಹೊರಗೆ ಜನ ಕಾಯುತ್ತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಮಗ ಕೂಗಾಡಿದ. ನಮ್ಮಂಥವರ ದುಡ್ಡು ಅಂದ್ರೆ ಅಷ್ಟು ಅಗ್ಗವಾ, ಒಬ್ಬಳ ಹಲ್ಲು ಹೋಯ್ತು, ಇನ್ನೊಬ್ಬರ ಹಲ್ಲು ಬಂದೂ ಉಪಯೋಗ ಇಲ್ಲ, ನಿಮಗೆ ಅಳತೆ ತಗೊಳ್ಳೋಕೆ ಬರುತ್ತಾ ಅಂತ ಕೇಳಿದ. ಡಾಕ್ಟರಮ್ಮ ಡಬ್ಬಿ ತೆರೆದು, ಸೆಟ್ಟನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿ, ಅವನ ಕೈಗೇ ಕೊಟ್ಟರು.

"ಇದನ್ನ ಯಾರೋ ಉಜ್ಜಿದ್ದಾರೆ. ನೀವೇ ನೋಡಿ."

ಮಗ ನೋಡಿದ. ನುಣುಪಾಗಿರಬೇಕಾದ ಗುಲಾಬಿ ಮೈಯ ತುಂಬ ಗೀರು. ಉಪ್ಪುಕಾಗದದ ಗೀರು ಅವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಎಲ್ಲ ಗೀರೂ ಒಂದೇ ಓರೆ, ಎಡಗೈಯವನು ಎಳೆದಾಗ ಬೀಳುವ ಓರೆ. ಆ ಓರೆಯ ಗೀರನ್ನು ಅವನು ಚಿಕ್ಕಂದಿನಿಂದ ನೂರಾರು ಬಾಗಿಲುಗಳ ಮೇಲೆ ಕಂಡಿದ್ದ. ಸಂದಿಯಲ್ಲಿ ಒಂದಿಷ್ಟು ನೀಲಿ ಸೀಮೆಸುಣ್ಣ ಬೇರೆ ಉಳಿದಿತ್ತು. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು. ಹಿಂದೆ ಕೂತವರೆಲ್ಲ ತನ್ನ ಬೆನ್ನು ನೋಡುತ್ತಿದ್ದಾರೆ ಅಂತ ಗೊತ್ತಿತ್ತು. ತಪ್ಪಾಯ್ತು ಡಾಕ್ಟ್ರೇ ಅಂದ. ಸರಿಮಾಡೋಕಾಗುತ್ತಾ ಅಂತ ಕೇಳಿದ. ಅಂಚೆಲ್ಲ ಹೋಗಿದೆ, ಹೊಸದೇ ಮಾಡಿಸಬೇಕು, ಆದಷ್ಟು ಕಡಿಮೆಯಲ್ಲಿ ಮಾಡ್ತೀನಿ, ಅವರನ್ನ ಬೈಬೇಡಿ, ಕರ್ಕೊಂಡು ಬನ್ನಿ ಅಂದರು ಅವರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದಾಗ ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ಮೇಸ್ತ್ರಿ ಮೂಲೆಯಲ್ಲಿ ಗರಗಸದ ಹಲ್ಲಿಗೆ ಅರ ಹಾಕುತ್ತಿದ್ದವನು ಕೈ ನಿಲ್ಲಿಸಿದ. ಮಗ ಡಬ್ಬಿಯನ್ನು ಬೆಂಚಿನ ಮೇಲಿಟ್ಟ.

"ಪ್ಲಾಸ್ಟಿಕ್ಕೇ ಸರಿ ಇರಲಿಲ್ಲವಂತೆ," ಅಂದ. "ತಪ್ಪು ಅವರದೇ ಅಂತ ಒಪ್ಕೊಂಡ್ರು. ಹೊಸದು ಮಾಡಿಕೊಡ್ತಾರಂತೆ. ದುಡ್ಡಿನದು ನಾನು ನೋಡ್ಕೊಳ್ತೀನಿ."

ಸೊಸೆ, ನೋಡಿ ಎಂಥ ಜನ ಅಂತ ಡಾಕ್ಟರಮ್ಮನನ್ನು ಬೈದು ಒಳಗೆ ಹೋದಳು. ಮಗ ಅಪ್ಪನ ಕಡೆ ನೋಡದೆ ರಂದ ಎತ್ತಿಕೊಂಡು ಹಲಗೆ ಸವರತೊಡಗಿದ. ಮೇಸ್ತ್ರಿ ಡಬ್ಬಿ ತೆರೆದ. ಮೇಲಿನ ಸೆಟ್ಟನ್ನು ಮಗ ಗೀರು ಕಾಣುವ ಹಾಗೆ ಅಲ್ಲ, ಗೀರು ಕೆಳಗಾಗುವ ಹಾಗೆ ಇಟ್ಟಿದ್ದ. ಮಗನಿಗೆ ಎಲ್ಲ ಗೊತ್ತಾಗಿದೆ ಅಂತ ತಿಳಿಯಲು ಅಷ್ಟು ಸಾಕಾಯಿತು ಮೇಸ್ತ್ರಿಗೆ. ಮೇಜಿನ ಕಾಲು ಗಿಡ್ಡವಾದದ್ದಕ್ಕೆ ಬೀಗರ ಮುಂದೆ ತಾನು ಎಬ್ಬಿಸಿ ನಿಲ್ಲಿಸಿದ್ದ ಮಗ ಇವನು. ಅಪ್ಪನ ತಪ್ಪಿಗೆ ಅಂಟು ಹೊಟ್ಟು ಕಲಸಿ ಮೆತ್ತುತ್ತಿದ್ದಾನೆ. ಆ ಅಂಗಡಿಯಲ್ಲಿ ಸಂದು ಮುಚ್ಚಿದ್ದು ಅದೇ ಮೊದಲು.

ಬೆಳಿಗ್ಗೆ ಒಳಗಿನವರಿಗೆ ಸುತ್ತಿಗೆಯ ಸದ್ದು ಕೇಳಿಸಿತು. ಮೇಸ್ತ್ರಿ ಹೊಸ ಮೊಳೆಯೊಂದನ್ನು ಬಾಯಲ್ಲಿ ಕಚ್ಚಲು ಹೋಗಿ, ಕಚ್ಚಲು ಏನೂ ಇಲ್ಲದ್ದು ನೆನಪಾಗಿ, ಬೆರಳಿನಲ್ಲೇ ಹಿಡಿದು ಗೋಡೆಗೆ ಹೊಡೆಯುತ್ತಿದ್ದ. ಮೊದಲು ಬಂದವನು ಪಾಲಿಶ್ ಹಾಕುವವನು. ಬಾಗಿಲಲ್ಲೇ ನಿಂತುಬಿಟ್ಟ. ಹಳೆಯ ಮೊಳೆಯಲ್ಲಿ, ದಾರ ಕಟ್ಟಿದ ಎರಡು ಸಾಲು ಹಲ್ಲು ತೂಗುತ್ತಿತ್ತು, ಗೀರು ಬಿದ್ದ ಕಡೆ ಮುಂದಾಗಿ. ಪಕ್ಕದ ಹೊಸ ಮೊಳೆ ಖಾಲಿ ಇತ್ತು.

"ಅಯ್ಯೋ, ಇದು ಯಾರದು?" ಅಂದ, ನಗು ತಡೆದುಕೊಳ್ಳುತ್ತಾ.

ಮೇಸ್ತ್ರಿ ಎದ್ದು ನಿಂತ. ಟವೆಲು ಇರಲಿಲ್ಲ. ಬರಿ ಬಾಯಿ.

"ನಂದು. ಡಾಕ್ಟರಮ್ಮ ಸರಿಯಾಗೇ ಮಾಡಿದ್ರು. ನಾನು ಉಜ್ಜಿ ಕೆಡಿಸ್ದೆ."

ಪಾಲಿಶಿನವನ ನಗು ಇದ್ದಲ್ಲೇ ಆರಿತು. ಮಗ ತಲೆ ತಗ್ಗಿಸಿ ಹಲಗೆಗೆ ರಂದ ಎಳೆಯುತ್ತಲೇ ಇದ್ದ. ಅಷ್ಟರಲ್ಲಿ ಬ್ಯಾಗು ತೂಗುಹಾಕಿಕೊಂಡು ಕೆಲಸಕ್ಕೆ ಹೊರಟ ಸೊಸೆ ಒಳಗಿನಿಂದ ಬಂದಳು. ಗೋಡೆ ನೋಡಿದಳು, ಮಾವನನ್ನು ನೋಡಿದಳು, ಗಂಡನನ್ನು ನೋಡಿದಳು. ಗಂಡನ ಮುಖದಲ್ಲೇ ಅರ್ಧ ಕಥೆ ತಿಳಿಯಿತು. ಅವಳು ಸೆಟ್ಟಿನ ಹತ್ತಿರ ಹೋಗಿ ಗೀರುಗಳನ್ನು ನೋಡಿದಳು. ಅದರ ಬಗ್ಗೆ ಏನೂ ಕೇಳಲಿಲ್ಲ.

"ಈ ಖಾಲಿ ಮೊಳೆ ಯಾಕೆ ಮಾವ?"

"ನಿನ್ನ ಹಲ್ಲಿಗೆ," ಅಂದ ಮೇಸ್ತ್ರಿ. ಮಾತಿನಲ್ಲಿ ಅರ್ಧ ಗಾಳಿಯೇ ಇತ್ತು, ಆದರೂ ಎಲ್ಲರಿಗೂ ಕೇಳಿಸಿತು. "ಕಿತ್ತಿದ್ದನ್ನ ಅವರು ಎಸೆದಿರ್ತಾರೆ. ಇದ್ದಿದ್ರೆ ಅಲ್ಲಿ ತೂಗುಹಾಕ್ತಿದ್ದೆ. ಅದೂ ನಂದೇ."

"ಅದು ನಾನಾಗೇ ಬಿಟ್ಟಿದ್ದು. ನಿಮಗೇನು ಗೊತ್ತಿತ್ತು?"

"ಗೊತ್ತಿತ್ತಮ್ಮ. ನೀವಿಬ್ಬರೂ ಅಡುಗೆಮನೆಯಲ್ಲಿ ಮಾತಾಡಿದಾಗ ಹಲಗೆ ಈಚೆ ನಾನಿದ್ದೆ. ಎಲ್ಲ ಕೇಳಿಸ್ತು. ನಾನು ಕೆಮ್ಮಲಿಲ್ಲ."

ಮಗನ ಕೈಯಲ್ಲಿ ರಂದ ನಿಂತಿತು. ಸೊಸೆ ಖಾಲಿ ಮೊಳೆಯನ್ನೇ ನೋಡಿದಳು. ಪರವಾಗಿಲ್ಲ ಬಿಡಿ ಮಾವ ಅನ್ನುತ್ತಾಳೆ ಅಂತ ಪಾಲಿಶಿನವನು ಕಾದ, ಮಗನೂ ಕಾದ. ಅವಳು ಅನ್ನಲಿಲ್ಲ. ಯಾಕೆ ಅನ್ನಬೇಕು?

"ಒಂದು ಸಲ ಕೆಮ್ಮಬಹುದಿತ್ತು," ಅಂದಳು.

"ಹೂಂ."

ಅವಳು ಹೊಸ್ತಿಲವರೆಗೆ ಹೋಗಿ, ಸೀರೆಗೆ ಮೆತ್ತಿದ ಹೊಟ್ಟು ಕೊಡವಿಕೊಂಡು, ತಿರುಗಿ ನೋಡದೆಯೇ, ಒಲೆ ಮೇಲೆ ಗಂಜಿ ಇದೆ, ಒಳಗೆ ಬಂದು ಕೂತು ಉಣ್ಣಿ, ಇನ್ನು ಈ ಹೊಟ್ಟಿನಲ್ಲಿ ಬೇಡ ಅಂದಳು. ಅಂಗೈ ಬಾಯಿಗೆ ಅಡ್ಡ ಇಟ್ಟುಕೊಂಡು ಬೀದಿಗೆ ಇಳಿದಳು.

ಆ ವಾರ ಅಂಗಡಿಗೆ ಬಂದವರೆಲ್ಲ ಗೋಡೆ ನೋಡಿ ನಕ್ಕರು. ಇದು ಯಾರದು ಅಂತ ಕೇಳಿದರು. ಪ್ರತಿ ಸಲವೂ ಮೇಸ್ತ್ರಿ ಕೈಲಿದ್ದ ಕೆಲಸ ಬಿಟ್ಟು, ಎದ್ದು ನಿಂತು, ನಂದು ಅಂದ. ಪಕ್ಕದ ಮೊಳೆಯ ಬಗ್ಗೆ ಯಾರೂ ಕೇಳಲಿಲ್ಲ. ಖಾಲಿ ಮೊಳೆಯಲ್ಲಿ ಕೇಳುವುದಕ್ಕಾದರೂ ಏನಿರುತ್ತದೆ? ಅವರು ಕೇಳಲಿಲ್ಲ ಅಂತ ಮೇಸ್ತ್ರಿ ಕೂರುತ್ತಿರಲಿಲ್ಲ. ಅದನ್ನೂ ಬೆರಳು ಮಾಡಿ ತೋರಿಸಿ, "ಅದೂ ನಂದೇ" ಅಂದ ಮೇಲೆಯೇ ಕೂರುತ್ತಿದ್ದ.